ಗೇಟಿನಲ್ಲಿ ನಿಂತ ಅಪ್ಪ



ನಮ್ಮ ಹಾಸ್ಟೆಲ್ ಗೇಟಿನಲ್ಲಿ ಒಬ್ಬ ಅಪ್ಪ ನಿಂತಿದ್ದ. ಕಾಲು ನಿಲ್ಲುತ್ತಿರಲಿಲ್ಲ, ಬಾಯಲ್ಲಿ ನಾತ, ಕೈಯಲ್ಲಿ ಮಗನಿಗೆಂದು ತಂದ ಹುರಿಗಡಲೆ ಪೊಟ್ಟಣ. ಮಗ ಒಳಗೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. 'ಅವ್ನು ಇಲ್ಲ ಕಣಣ್ಣ, ಟ್ಯೂಷನ್‌ಗೆ ಹೋಗವ್ನೆ' ಅಂತ ಸುಳ್ಳು ಹೇಳಿ ಸಾಗಹಾಕಿದವರು ನಾವೇ. ಆತ ಹೋದ ಮೇಲೆ ಅವನ ನಡಿಗೆಯ ನಕಲು ಮಾಡಿ ನಕ್ಕವರೂ ನಾವೇ. ಅದೇ ರಾತ್ರಿ ಅಂಬೇಡ್ಕರ್ ಜಯಂತಿಗೆ ಭಾಷಣ ಬರೆಯುತ್ತ ಕೂತಿದ್ದೆವು!

'ಈ ಜನ ದುಡಿದದ್ದನ್ನೆಲ್ಲ ಕುಡಿದೇ ಹಾಳು ಮಾಡ್ಕೋತಾರೆ' ಎಂಬುದು ಜಮೀನ್ದಾರನ ಮಾತು. ನಾಲ್ಕಕ್ಷರ ಕಲಿತ ನಾವು ಅದನ್ನೇ ಗಿಳಿಪಾಠ ಒಪ್ಪಿಸುತ್ತಿದ್ದೇವೆ. ಕುಡಿಸಿದವರು ಯಾರು? ಮಲ ಎತ್ತುವ ಕೆಲಸ ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂತು. ಆದರೂ ಗುಂಡಿಗೆ ಇಳಿಯುವವನು ನಮ್ಮವನೇ. ಆ ನಾತದಲ್ಲಿ ಬುದ್ಧಿ ನೆಟ್ಟಗಿಟ್ಟುಕೊಂಡು ಇಳಿಯಿರಿ ನೋಡೋಣ! ಓಟಿನ ಹಿಂದಿನ ರಾತ್ರಿ ಕೇರಿಗೆ ನೀರು ಬರದಿದ್ದರೂ ಬಾಟಲಿ ಬರುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಂತಿತೆ? ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆಗೆ ನಡೆಯಿರಿ ಎನ್ನುತ್ತದೆ. ಸರ್ಕಾರ ತನ್ನದೇ ಎಂಎಸ್‌ಐಎಲ್ ಅಂಗಡಿಯಲ್ಲಿ ಬಾಟಲಿ ಮಾರುತ್ತದೆ, ಅಬಕಾರಿ ದುಡ್ಡಲ್ಲಿ ಖಜಾನೆ ತುಂಬಿಸುತ್ತದೆ.

ಇಷ್ಟು ಹೇಳಿ ಚಪ್ಪಾಳೆ ಗಿಟ್ಟಿಸಿ ಇಳಿದುಬಿಟ್ಟರೆ ಅದೂ ಒಂದು ಮೋಸವೇ. ಹೆಂಡ ಬೇಡ, ವಸತಿ ಶಾಲೆ ಕೊಡಿ ಎಂದು ನಮ್ಮ ಚಳವಳಿ ಬೀದಿಗಿಳಿದು ಕೇಳಿತು. ಕೇಳಿದ್ದು ಸರಿ. ಆದರೆ ಬೆಳಿಗ್ಗೆ ಎದ್ದರೆ ಕೈ ನಡುಗುವ, ಒಂದು ಗುಟುಕು ಬೀಳದೆ ಬೀಡಿ ಹಚ್ಚಲಾಗದ ಅಪ್ಪನನ್ನು ಏನು ಮಾಡಬೇಕೆಂದು ನಾವು ಯಾವ ಸಭೆಯಲ್ಲೂ ಮಾತಾಡಲಿಲ್ಲ. ಆ ನಡುಕ ಮಾನಗೇಡಿತನವಲ್ಲ, ಕಾಯಿಲೆ.

ನಮ್ಮಲ್ಲೊಬ್ಬನ ಅಣ್ಣನನ್ನು ಮನೆಯವರು ಮಾರಮ್ಮನ ಆಣೆ ಹಾಕಿಸಿ ಕೋಣೆಗೆ ಕೂಡಿ ಬೀಗ ಜಡಿದರು. ಎರಡನೇ ದಿನ ಫಿಟ್ಸ್ ಬಂತು, ಗೋಡೆ ಮೇಲೆ ಹುಳ ಹರಿದಾಡ್ತವೆ ಅಂತ ಕಿರುಚಿದ. ದೆವ್ವ ಅಂದುಕೊಂಡರು. ಆಸ್ಪತ್ರೆಗೆ ಒಯ್ದದ್ದರಿಂದ ಉಳಿದ. ವರ್ಷಗಟ್ಟಲೆ ದಿನಾ ಕುಡಿದ ಮೈಗೆ ಒಮ್ಮೆಲೇ ನಿಲ್ಲಿಸಿದರೆ ಜೀವವೇ ಹೋಗಬಹುದು. ಬಿಡಿಸುವುದಾದರೆ ಡಾಕ್ಟರ ಮುಂದೆ ಬಿಡಿಸಬೇಕು.

ಇನ್ನೊಂದು, ಸಾರಿನಲ್ಲಿ ಗುಟ್ಟಾಗಿ ಕದಡಿಕೊಡುವ ಪುಡಿ. ಬಸ್‌ಸ್ಟಾಂಡ್ ಗೋಡೆಯ ಜಾಹೀರಾತು ನೋಡಿ ನಮ್ಮ ತಾಯಂದಿರು ತಾಳಿ ಅಡವಿಟ್ಟು ತರ್ತಾರೆ. ಡೈಸಲ್ಫಿರಾಂ ಎಂಬ ಮಾತ್ರೆಯಿದೆ. ಅದು ಹೊಟ್ಟೆಯಲ್ಲಿರುವುದು ತಿಳಿಯದೆ ಆತ ಕುಡಿದರೆ ವಾಂತಿ, ಎದೆನೋವು, ಬಿ.ಪಿ. ಕುಸಿತ, ಕೆಲವೊಮ್ಮೆ ಸಾವು. ತಿಳಿಸಿ, ಒಪ್ಪಿಸಿ ಕೊಡಬೇಕಾದ ಔಷಧಿ ಅದು. ಕಟ್ಟಿಹಾಕಿ ಹೊಡೆದು ಬಿಡಿಸ್ತೀವಿ ಅನ್ನುವ ಖಾಸಗಿ ಕೇಂದ್ರಗಳೂ ಇವೆ. ಸರಪಳಿ ಹಾಕುವುದು 2017ರ ಮಾನಸಿಕ ಆರೋಗ್ಯ ಕಾಯಿದೆ ಪ್ರಕಾರ ನಿಷಿದ್ಧ. ನಮ್ಮ ಜನಕ್ಕೆ ಸರಪಳಿ ಹೊಸದೇನಲ್ಲ, ಮಕ್ಕಳೇ ದುಡ್ಡು ಕೊಟ್ಟು ಹಾಕಿಸಬೇಕಾ?

ಕುಡಿದಾಗ ವಾದ ಮಾಡಬೇಡಿ, ಆ ಹೊತ್ತಲ್ಲಿ ಕೇಳುವವನು ಅಪ್ಪನಲ್ಲ. ಬೆಳಿಗ್ಗೆ, ನಿಶೆ ಇಳಿದಾಗ ಪಕ್ಕ ಕೂತು ಮಾತಾಡಿ. ವೈನ್‌ಶಾಪಿನ ಸಾಲ ನಿಮ್ಮ ಸ್ಕಾಲರ್‌ಶಿಪ್ಪಿನಲ್ಲಿ ತೀರಿಸಬೇಡಿ. ಮೇಸ್ತ್ರಿಗೆ 'ಜ್ವರ' ಅಂತ ಅವನ ಪರವಾಗಿ ಸುಳ್ಳು ಹೇಳಬೇಡಿ. ಹಾಗಂತ ಮುದ್ದೆ ತಟ್ಟೆ ಮಾತ್ರ ಕಿತ್ತುಕೊಳ್ಳಬೇಡಿ. ಅವ್ವನ ಮೇಲೆ ಕೈ ಎತ್ತಿದರೆ ಅದನ್ನು ಕಾಯಿಲೆ ಎಂದು ನುಂಗಿಕೊಳ್ಳುವ ಹಂಗಿಲ್ಲ, ಮೊದಲು ಅವ್ವನನ್ನು ಬೇರೆ ಮನೆಗೆ ಕಳಿಸಿ. ಆಕೆಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಇದೆ. ಅಪ್ಪನನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ವಿಭಾಗವಿದೆ. 14446ಕ್ಕೆ ಫೋನು ಮಾಡಿದರೆ ಕಾಸಿಲ್ಲ. ಬಿಟ್ಟವನು ಮತ್ತೆ ಕುಡಿದಾನು. ಕುಡಿದರೆ ಮತ್ತೆ ಕರೆದೊಯ್ಯಿರಿ.

ಜಯಂತಿ ಮೆರವಣಿಗೆ ಮುಗಿಸಿ ಹಾಸ್ಟೆಲ್ ಟೆರೇಸಿನಲ್ಲಿ ಬಾಟಲಿ ಬಿಚ್ಚುವ ನಮ್ಮ ಕ್ರಾಂತಿಕಾರಿಗಳ ವಿಷಯ ಇನ್ನೊಮ್ಮೆ ಬರೀತೀವಿ. ಅವರು ಯಾರು ಅಂತ ಅವರಿಗೇ ಗೊತ್ತು.

ಗೇಟಿನಲ್ಲಿ ನಿಂತಿದ್ದ ಆ ಅಪ್ಪನನ್ನು ಮಗ ಕೊನೆಗೂ ಆಸ್ಪತ್ರೆಗೆ ಕರೆದೊಯ್ದ. ಎರಡು ತಿಂಗಳು ಮುಟ್ಟಲಿಲ್ಲ, ಮಾರಿಹಬ್ಬಕ್ಕೆ ಮತ್ತೆ ಕುಡಿದ. ಮಗ ಮೂರು ದಿನ ಊಟ ಬಿಟ್ಟ. ಬರುವ ಮಂಗಳವಾರ ಇಬ್ಬರೂ ಮತ್ತೆ ಹೋಗ್ತಾರೆ, ನಮ್ಮಲ್ಲಿಬ್ಬರು ಜೊತೆಗೆ ಹೋಗ್ತೀವಿ. ಬಸ್‌ಚಾರ್ಜಿಗೆ ರೂಮಿಗೆ ಹತ್ತು ರೂಪಾಯಿಯಂತೆ ಎತ್ತಿದ್ದೇವೆ.