ಸುಮ್ನ ಕೂಡ್ರು ಅನ್ನಬೇಡಿ

ಹಾಸ್ಟೆಲ್ ಗೆಳೆಯರೇ,

ಗಲಗಲಿ ಕೃಷ್ಣಾ ದಂಡೆಯ ಊರು. ಗಾಲವ ಋಷಿಯಿಂದ ಆ ಹೆಸರು ಬಂತು ಅಂತ ಹಿರಿಯರ ಮಾತು. ಹರಿದಾಸರ ಸಾಲಿನಲ್ಲಿ ಹಾಡು ಕಟ್ಟಿದ ಗಲಗಲಿ ಅವ್ವ ಈ ಊರಿನ ಹೆಸರಿನವಳೇ. ಇದೇ ಹೊಳೆ ಮುಂದೆ ಹರಿದು ಬಸವಣ್ಣನ ಕೂಡಲಸಂಗಮ ಮುಟ್ಟುತ್ತದೆ. ಈ ಸೀಮೆಯಲ್ಲಿ ಮೊಹರಂ ಬಂತೆಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಸಾಬರೆಷ್ಟೋ ಉಳಿದವರೂ ಅಷ್ಟೇ.

ಕಣ್ಣೆದುರಿಗೆ ಇಷ್ಟಿದ್ದರೂ ಒಂದು ಕೂಸು ಎದ್ದು ನಿಂತು, 'ಸರ್, ಅವರು ಹಂಗ್ಯಾಕ ಮಾಡ್ತಾರ್ರೀ?' ಅಂದರೆ ಬರುವ ಉತ್ತರ ಏನು? 'ಸುಮ್ನ ಕೂಡ್ರಲೇ.' ಕೂಸು ಕೂಡ್ರುತ್ತದೆ. ಕೇಳಿ ತಿಳಿಯಬೇಕಾದ್ದನ್ನು ಕಟ್ಟೆಯ ಮೇಲಿನ ಗೇಲಿಯಿಂದ ಕಲಿಯುತ್ತದೆ. ನಮ್ಮ ಕೇರಿಯ ದುರ್ಗವ್ವನನ್ನೂ, ಮನೆಯ ಗೋಡೆಯ ಮೇಲಿನ ಬುದ್ಧನನ್ನೂ ಆಡಿಕೊಂಡು ನಗುವವರು ಹುಟ್ಟುವುದು ಅಲ್ಲಿಯೇ.

ಸಂವಿಧಾನದ 28ನೇ ವಿಧಿ ಓದಿಕೊಳ್ಳಿ. ಪೂರಾ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು. ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲೂ ಪಾಲಕರ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಪೂಜೆಗೆ ನಿಲ್ಲಿಸುವಂತಿಲ್ಲ. ಬೋಧನೆ ಬೇಡ ಅಂದದ್ದಕ್ಕೆ ತಿಳುವಳಿಕೆಯೂ ಬೇಡ ಅಂತ ಅರ್ಥ ಮಾಡಿಕೊಂಡವರೇ ಬಹಳ!

ಬಾಬಾಸಾಹೇಬರನ್ನೇ ನೋಡಿ. 1907ರಲ್ಲಿ ಅವರು ಮೆಟ್ರಿಕ್ ಪಾಸಾದಾಗ ಕೆಳೂಸ್ಕರ್ ಎಂಬ ಮಾಸ್ತರರು ತಾವೇ ಮರಾಠಿಯಲ್ಲಿ ಬರೆದ ಬುದ್ಧಚರಿತ್ರೆಯನ್ನು ಕೈಗಿತ್ತರು. ನಂಬು ಅನ್ನಲಿಲ್ಲ, ಓದಲು ಕೊಟ್ಟರು ಅಷ್ಟೇ. ಹಿಂದೂವಾಗಿ ಸಾಯಲಾರೆ ಅಂತ ಬಾಬಾಸಾಹೇಬರು ಯೇವಲೆಯಲ್ಲಿ ಸಾರಿದ್ದು 1935ರಲ್ಲಿ. ನಾಗಪುರದಲ್ಲಿ ದೀಕ್ಷೆ ತಗೊಂಡದ್ದು 1956ರ ಅಕ್ಟೋಬರ್ 14ಕ್ಕೆ. ನಡುವೆ 21 ವರ್ಷ ಓದಿದರು, ಕೇಳಿದರು, ಒಂದೊಂದು ಧರ್ಮವನ್ನೂ ತೂಗಿ ನೋಡಿದರು. ನಮ್ಮ ಹುಡುಗರಿಗೆ ಒಂದು ಪಿರಿಯಡ್ಡೂ ಇಲ್ಲ.

ಆದರೆ ಗೌರವ ಅಂದರೆ ಬಾಯಿ ಕಟ್ಟಿಕೊಳ್ಳುವುದು ಅಂತ ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಎಲ್ಲಮ್ಮನಿಗೆ ಕೈಮುಗಿಯುವ ಅಜ್ಜಿಯನ್ನು ನಾವು ಆಡಿಕೊಳ್ಳಲಾರೆವು, ಆಕೆ ನಮ್ಮ ಅಜ್ಜಿ. ಮುತ್ತು ಕಟ್ಟುವ ಮಾತು ಬಂದಾಗ ಮಾತ್ರ, ದೇವಿಗೆ ನಮ್ಮ ಕೇರಿಯ ಹುಡುಗಿಯೇ ಯಾಕೆ ಬೇಕು, ಗೌಡರ ಮನೆಯ ಹುಡುಗಿ ಯಾಕೆ ಬೇಡ ಅಂತ ಕೇಳಿಯೇ ಕೇಳುತ್ತೇವೆ. 1982ರಲ್ಲಿ ಕರ್ನಾಟಕ ದೇವದಾಸಿ ನಿಷೇಧ ಕಾಯ್ದೆ ಮಾಡಿತು. ಜಮಖಂಡಿ, ಮುಧೋಳ ಸೀಮೆಯ ಎಷ್ಟೋ ಮಕ್ಕಳು ಆಮೇಲೂ ಅಪ್ಪನ ಹೆಸರಿನ ಕಾಲಂ ಮುಂದೆ ತಲೆ ತಗ್ಗಿಸಿ ನಿಂತಿದ್ದಾರೆ. ಆ ಮಗುವಿನ ಪಕ್ಕ ಕೂತವನು ಅದರ ಮುಖ ನೋಡಿ ನಗದಂತೆ ಕಲಿಸುವುದು, ಮುತ್ತು ಯಾಕೆ ಕಟ್ಟಿದರು ಅಂತ ಕೇಳಲು ಕಲಿಸುವುದು ನಮಗೆ ಬೇರೆ ಬೇರೆ ಪಾಠಗಳಲ್ಲ.

ಮೊಹರಮ್ಮಿಗೆ ಊರಿಗೆ ಹೋಗುತ್ತೀರಲ್ಲ, ಕೇರಿಯ ಸಣ್ಣ ಹುಡುಗರನ್ನು ಅಲಾಯಿ ಕುಣಿಯ ಹತ್ತಿರ ಕರಕೊಂಡು ಹೋಗಿ. ಪಂಜಾ ಅಂದರೇನು, ಬೆಂಕಿ ಯಾಕೆ ಅಂತ ಮುಲ್ಲಾ ಕಾಕಾನನ್ನು ಅವರೇ ಕೇಳಲಿ. ನಡುವೆ ನೀವು ಬಾಯಿ ಹಾಕಬೇಡಿ.