‘ಮುಂಗಾರು ಮಳೆ’ ಹಾಡುಗಳು: ಎರಡು ದಶಕ ಉಳಿಸಿದ್ದು ಧ್ವನಿಯೋ, ಮಾತೋ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ‘ಮುಂಗಾರು’ ಎಂಬ ಪದವು ಮೊದಲು ನೆನಪಿಸುವುದು ಪ್ರೇಮವನ್ನಲ್ಲ, ಬಿತ್ತನೆಯನ್ನು. ಚಚಡಿಯಂತಹ ಊರುಗಳ ರೈತರು ಹೆಸರು, ಸೋಯಾಬೀನ್, ಗೋವಿನಜೋಳ ಬಿತ್ತುವ ಮುನ್ನ ರೋಹಿಣಿ, ಮೃಗಶಿರ ಮಳೆಗಳ ದಾರಿ ಕಾಯುತ್ತಾರೆ. ಇಂತಹ ಸೀಮೆಯಲ್ಲಿಯೂ ಅದೇ ಹೆಸರಿನ ಚಲನಚಿತ್ರವೊಂದರ ಹಾಡುಗಳು ಮದುವೆ ಮಂಟಪದಲ್ಲಿ, ಬಸ್ಸಿನಲ್ಲಿ, ಟ್ರ್ಯಾಕ್ಟರಿನ ಟೇಪಿನಲ್ಲಿ, ಈಗ ಮೊಬೈಲಿನಲ್ಲಿ ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. 2006ರ ಡಿಸೆಂಬರ್ 29ರಂದು ತೆರೆ ಕಂಡ ‘ಮುಂಗಾರು ಮಳೆ’ಗೆ 2026ರ ಡಿಸೆಂಬರಿಗೆ ಇಪ್ಪತ್ತು ವರ್ಷ. ಒಂದು ಚಿತ್ರದ ಹಾಡುಗಳು ಇಷ್ಟು ಕಾಲ ಉಳಿದುದಕ್ಕೆ ಕಾರಣವೇನು ಎಂಬ ಪ್ರಶ್ನೆ ಕೇವಲ ನೆನಪಿನದಲ್ಲ.

ಆ ಪ್ರಶ್ನೆಯನ್ನು ಮತ್ತೆ ಮುನ್ನೆಲೆಗೆ ತಂದದ್ದು 2025ರ ಒಂದು ವಿವಾದ. ಚಿತ್ರದ ಶೀರ್ಷಿಕೆ ಗೀತೆಯನ್ನೂ, ‘ಅನಿಸುತಿದೆ ಯಾಕೋ ಇಂದು’ ಗೀತೆಯನ್ನೂ ಹಾಡಿದ ಸೋನು ನಿಗಮ್ ಆ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾಲೇಜೊಂದರ ವೇದಿಕೆಯಲ್ಲಿದ್ದಾಗ, ಸಭಿಕರಿಂದ ಕನ್ನಡ ಹಾಡಿಗಾಗಿ ಬೇಡಿಕೆ ಬಂದಿತು. ಅದು ಕೇಳಿಬಂದ ರೀತಿಯನ್ನು ಆಕ್ಷೇಪಿಸುತ್ತ ಅವರು ಪಹಲ್ಗಾಮ್ ದಾಳಿಯನ್ನು ಪ್ರಸ್ತಾಪಿಸಿದರು. ರಾಜ್ಯದಾದ್ಯಂತ ಪ್ರತಿಭಟನೆಯ ಧ್ವನಿ ಎದ್ದಿತು, ಪೊಲೀಸ್ ಪ್ರಕರಣ ದಾಖಲಾಯಿತು. ಮೇ ತಿಂಗಳಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯು ಅವರಿಗೆ ಅಸಹಕಾರ ತೋರುವ ನಿರ್ಧಾರ ಪ್ರಕಟಿಸಿತು. ಗಾಯಕರು ಕ್ಷಮೆ ಯಾಚಿಸಿದರು. ಆದರೂ ಅವರು ಹಾಡಿದ್ದ ಗೀತೆಯೊಂದನ್ನು ‘ಕುಲದಲ್ಲಿ ಕೀಳ್ಯಾವುದೋ’ ಚಿತ್ರದಿಂದ ಕೈಬಿಡಲಾಯಿತು. ಗಾಯಕನ ಮೇಲೆ ಮುನಿದವರು ಹಾಡಿನ ಮೇಲೂ ಮುನಿಯಬೇಕೆ? ‘ಮುಂಗಾರು ಮಳೆ’ಯ ಹಾಡುಗಳು ಯಾರಿಗೆ ಸೇರಿದವು ಎಂಬುದನ್ನು ತಿಳಿದರೆ ಇದಕ್ಕೆ ಉತ್ತರ ದೊರೆತೀತು.

ಬೇರೆ ನಾಡಿನ ಮಳೆ

ಚಿತ್ರದಲ್ಲಿ ಸುರಿಯುವುದು ಮಲೆನಾಡಿನ ಮಳೆ. ಜೋಗ, ಸಕಲೇಶಪುರ, ಮಡಿಕೇರಿಯ ಹಸಿರಿನ ನಡುವೆ ನಾಯಕ ನೆನೆಯುತ್ತಾನೆ. ಸಹ್ಯಾದ್ರಿಗೆ ಸಮೀಪದ ಕಿತ್ತೂರಿನಿಂದ ಪೂರ್ವದ ರಾಮದುರ್ಗದ ಕಡೆಗೆ ಸಾಗಿದಂತೆ ಮಳೆಯ ಪ್ರಮಾಣ ಇಳಿಯುತ್ತ ಹೋಗುವ ಈ ಸೀಮೆಯಲ್ಲಿ ಅಂತಹ ಮಳೆ ಅಪರೂಪ. ಇಲ್ಲಿ ಅದು ಬಂದರೆ ಕೆಲವೊಮ್ಮೆ ಕೇಡನ್ನೇ ತರುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಹೊಳೆದಂಡೆಯ ಊರುಗಳು ನೀರು ಪಾಲಾದವು. ನಾಲ್ಕೇ ವರ್ಷಗಳ ನಂತರ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು.

ಮಳೆಯನ್ನು ಭಯದಿಂದ ಇಲ್ಲವೆ ಆಸೆಯಿಂದ ಮಾತ್ರ ನೋಡಬಲ್ಲ ಜನರಿಗೆ, ಯಾವ ಲೆಕ್ಕಾಚಾರವೂ ಇಲ್ಲದೆ ನೆನೆಯುವ ಸುಖವನ್ನು ಈ ಹಾಡುಗಳು ಒದಗಿಸಿದವು. ಇಲ್ಲದ್ದನ್ನು ಬಯಸುವುದು ಪ್ರೇಮಗೀತೆಯ ಮೂಲ ಗುಣ. ಆ ಅರ್ಥದಲ್ಲಿ ಈ ಹಾಡು ಮಡಿಕೇರಿಗಿಂತ ಎರೆ ಭೂಮಿಯಲ್ಲಿ ಹೆಚ್ಚು ಆರ್ತವಾಗಿ ಕೇಳಿಸುತ್ತದೆ ಎಂದರೆ ತಪ್ಪಾಗಲಾರದು.

ಮನೆ ಮುರಿಯದ ಪ್ರೇಮ

ಪ್ರೇಮದ ಕಥೆ ಈ ಸೀಮೆಗೆ ಹೊಸದಲ್ಲ. ಉತ್ತರ ಕರ್ನಾಟಕದ ಪ್ರಸಿದ್ಧ ಸಣ್ಣಾಟ ‘ಸಂಗ್ಯಾ ಬಾಳ್ಯಾ’ದ ಕಥೆ ನಡೆದದ್ದು ಬೈಲಹೊಂಗಲ ತಾಲ್ಲೂಕಿನ ಬೈಲವಾಡದಲ್ಲಿ ಎಂಬುದು ಇಲ್ಲಿನ ಜನರ ನಂಬಿಕೆ. ಅದನ್ನು ಚಂದ್ರಶೇಖರ ಕಂಬಾರರು ಆಧುನಿಕ ರಂಗಭೂಮಿಗೂ ತಂದರು. ಪರಸತಿಯ ಮೇಲಿನ ಮೋಹ, ಗೆಳೆಯನ ದ್ರೋಹ, ಕೊನೆಗೆ ಕೊಲೆ: ಪ್ರೇಮವು ಮನೆಯ ಹೊಸ್ತಿಲು ದಾಟಿದರೆ ಏನಾಗುತ್ತದೆ ಎಂಬುದನ್ನು ಆ ಆಟ ತಲೆಮಾರುಗಳಿಗೆ ತೋರಿಸಿದೆ.

‘ಮುಂಗಾರು ಮಳೆ’ಯ ಪ್ರೀತಮ್ ಹೊಸ್ತಿಲು ದಾಟುವುದಿಲ್ಲ. ಮದುವೆ ನಿಶ್ಚಯವಾದ ಹುಡುಗಿ ನಂದಿನಿಯನ್ನು ಪ್ರೀತಿಸುತ್ತಾನೆ, ಅವಳ ಮನಸ್ಸನ್ನೂ ಗೆಲ್ಲುತ್ತಾನೆ, ಕೊನೆಗೆ ಬಿಟ್ಟುಕೊಟ್ಟು ಹೊರಟುಹೋಗುತ್ತಾನೆ. ಹಿರಿಯರು ಗೊತ್ತುಮಾಡಿದ ಲಗ್ನ ನಡೆಯುತ್ತದೆ. ಇದನ್ನು ತ್ಯಾಗವೆಂದು ಮೆಚ್ಚಿದವರಿದ್ದಾರೆ, ನಂದಿನಿಯ ಇಷ್ಟವನ್ನು ಕೇಳದೆ ಗಂಡಸರೇ ತೀರ್ಮಾನಿಸಿದರೆಂದು ಟೀಕಿಸಲೂ ಅವಕಾಶವಿದೆ. ಆದರೆ ಹಾಡುಗಳ ಮಟ್ಟಿಗೆ ಪರಿಣಾಮ ಒಂದೇ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಒಂದೇ ಪಡಸಾಲೆಯಲ್ಲಿ ಕುಳಿತು, ಯಾರೂ ತಲೆ ತಗ್ಗಿಸದೆ ಕೇಳಬಹುದಾದ ಪ್ರೇಮಗೀತೆಗಳು ಅವಾದವು. ಮನದಲ್ಲಿ ಒಬ್ಬರನ್ನಿಟ್ಟುಕೊಂಡು ಇನ್ನೊಬ್ಬರೊಡನೆ ಸಪ್ತಪದಿ ತುಳಿದವರು ಯಾವ ಊರಲ್ಲಿಲ್ಲ? ಅವರ ಹೇಳಲಾಗದ ಮಾತಿಗೆ ಹಾಡು ಬಾಯಿಯಾಯಿತು.

ಆಡುಮಾತಿನ ಬಲ

ಈ ಹಾಡುಗಳ ನಿಜವಾದ ಬಲ ಇರುವುದು ಸಾಹಿತ್ಯದಲ್ಲಿ. ಶೀರ್ಷಿಕೆ ಗೀತೆ ನಿರ್ದೇಶಕ ಯೋಗರಾಜ ಭಟ್ಟರದು. ಕವಿರಾಜ್, ಹೃದಯ ಶಿವ ಅವರ ಪಾಲೂ ಇದೆ. ‘ಅನಿಸುತಿದೆ ಯಾಕೋ ಇಂದು’ ಬರೆದವರು ಗೋಕರ್ಣ ಮೂಲದ ಕವಿ, ಕಥೆಗಾರ ಜಯಂತ ಕಾಯ್ಕಿಣಿ. ಹದಿಹರೆಯದಲ್ಲಿಯೇ ಕವಿತೆಗಾಗಿ ರಾಜ್ಯ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದ, ಮುಂದೆ ಮುಂಬಯಿಯ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ನೇ ಸಾಲಿನ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಗಳಿಸಿದ ಲೇಖಕರು ಅವರು.

ಆ ಹಾಡಿನ ಶೀರ್ಷಿಕೆಯನ್ನೇ ಗಮನಿಸಬೇಕು. ಅದರಲ್ಲಿ ಪ್ರೇಮ ಎಂಬ ಪದವೂ ಇಲ್ಲ, ಚಂದ್ರ ತಾರೆಗಳೂ ಇಲ್ಲ. ‘ಅನಿಸುತಿದೆ’ ಎಂಬಲ್ಲಿ ಖಚಿತತೆಯಿಲ್ಲ, ‘ಯಾಕೋ’ ಎಂಬಲ್ಲಿ ಕಾರಣವಿಲ್ಲ. ಮನೆಯಲ್ಲಿ ದಿನನಿತ್ಯ ಆಡುವ ಪದಗಳಿಂದಲೇ ಪ್ರೇಮದ ಮೊದಲ ಅಳುಕು ಮೂಡಿದೆ. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಅವರು ಕಾಲೇಜು ಯುವಕರ ಆಡುಮಾತಿಗೆ ಕುಣಿತದ ಲಯ ಕೊಟ್ಟಿದ್ದರು. ಇಲ್ಲಿ ಅದೇ ಆಡುಮಾತು ತನ್ನೊಳಗೆ ತಾನೇ ಮಾತಾಡಿಕೊಳ್ಳುವ ಮೆಲುದನಿಗೆ ಇಳಿಯಿತು.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಸಂಗೀತ ನಿರ್ದೇಶಕ ಮನೋಮೂರ್ತಿ ಈ ಪದಗಳನ್ನು ವಾದ್ಯಗಳ ಅಬ್ಬರದಲ್ಲಿ ಮುಳುಗಿಸಲಿಲ್ಲ. ರಾಗಜ್ಞಾನವಿಲ್ಲದವರೂ ಗುನುಗಬಹುದಾದ ಧಾಟಿಗಳವು. ಕಾಲವೂ ಅನುಕೂಲಿಸಿತು. ಕ್ಯಾಸೆಟ್ಟು ಹಿಂದೆ ಸರಿದು ಸಿ.ಡಿ. ಮತ್ತು ಎಂಪಿ3 ಹರಡುತ್ತಿದ್ದ, ಮೊಬೈಲ್ ಫೋನು ಹಳ್ಳಿಗೆ ಕಾಲಿಡುತ್ತಿದ್ದ ದಿನಗಳವು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಚಿತ್ರ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡುತ್ತಿದ್ದಾಗ, ಚಿತ್ರಮಂದಿರವಿಲ್ಲದ ಊರುಗಳಿಗೆ ಅದರ ಹಾಡುಗಳು ರಿಂಗ್‌ಟೋನಾಗಿ, ಮೆಮೊರಿ ಕಾರ್ಡಿನ ಕಡತವಾಗಿ ತಲುಪಿದವು. ಹಿಂದಿ, ಮರಾಠಿ ಹಾಡುಗಳು ಸಹಜವಾಗಿ ಕೇಳಿಬರುವ ಬೆಳಗಾವಿ ಜಿಲ್ಲೆಯ ತರುಣರಿಗೆ, ಹಿಂದಿಯಷ್ಟೇ ನವಿರಾದ ಹಾಡು ತಮ್ಮ ಭಾಷೆಯಲ್ಲಿಯೂ ಇದೆ ಎನ್ನುವ ಹೆಮ್ಮೆ ಸಣ್ಣದಾಗಿರಲಿಲ್ಲ.

ಧ್ವನಿಯ ಪ್ರಶ್ನೆ

ಆ ನವಿರಿನಲ್ಲಿ ಧ್ವನಿಯ ಪಾಲೂ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಸೋನು ನಿಗಮ್, ಶ್ರೇಯಾ ಘೋಷಾಲ್, ಕುನಾಲ್ ಗಾಂಜಾವಾಲಾ, ಉದಿತ್ ನಾರಾಯಣ್, ಸುನಿಧಿ ಚೌಹಾಣ್ ಹಿಂದಿ ಚಿತ್ರರಂಗದಿಂದ ಬಂದವರು. ಹೊರನಾಡಿನ ಕಂಠ ಕನ್ನಡಕ್ಕೆ ಹೊಸದೇನಲ್ಲ. ಡಾ. ರಾಜಕುಮಾರ್ ಅವರಿಗೆ ವರ್ಷಗಟ್ಟಲೆ ಧ್ವನಿಯಾದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಕೂಡ ಆಂಧ್ರ ಮೂಲದವರೇ. ಅವರನ್ನು ಕನ್ನಡಿಗರು ಪರಕೀಯರೆಂದು ಎಣಿಸಲಿಲ್ಲ, ಅವರೂ ಕನ್ನಡವನ್ನು ತಮ್ಮದಾಗಿಸಿಕೊಂಡರು. ಆದ್ದರಿಂದ 2025ರ ಅಸಮಾಧಾನ ಗಾಯಕನ ಹುಟ್ಟೂರಿನ ಬಗೆಗಿನದಲ್ಲ, ಹಾಡಿಸಿಕೊಂಡ ಭಾಷೆಗೆ ಸಲ್ಲಬೇಕಾದ ಗೌರವದ ಬಗೆಗಿನದು. ಆ ನೋವು ನ್ಯಾಯವಾದದ್ದೇ. ಹಾಡನ್ನು ಅದಕ್ಕೆ ಹೊಣೆ ಮಾಡುವುದು ಮಾತ್ರ ನ್ಯಾಯವಲ್ಲ. ಕಂಠ ಮುಂಬಯಿಯದಾದರೂ ಪದ ಗೋಕರ್ಣದ ಕವಿಯದು, ಉಳಿಸಿಕೊಂಡ ನೆನಪು ಕೇಳುಗರದು.

ಚಿತ್ರೋದ್ಯಮ ಕಲಿಯದ ಪಾಠ

ಚಿತ್ರೋದ್ಯಮ ಈ ಯಶಸ್ಸಿನಿಂದ ಕಲಿತದ್ದು ಅರ್ಧ ಪಾಠ. ಮುಂದಿನ ಕೆಲವು ವರ್ಷ ತೆರೆಯ ಮೇಲೆ ಮಳೆ ಸುರಿದದ್ದೇ ಸುರಿದದ್ದು, ಮುಂಬಯಿಯ ಗಾಯಕರಿಗೆ ಬೇಡಿಕೆಯೋ ಬೇಡಿಕೆ. ‘ಮಿಲನ’ (2007), ‘ಗಾಳಿಪಟ’ (2008) ಚಿತ್ರಗಳ ಗೀತೆಗಳು ಉಳಿದದ್ದು ಅಲ್ಲಿಯೂ ಕವಿಯ ಪದ ಇದ್ದುದರಿಂದ. ಪದವಿಲ್ಲದೆ ಮಳೆಯನ್ನೂ ಧ್ವನಿಯನ್ನೂ ಮಾತ್ರ ತಂದವರ ಹಾಡುಗಳು ಆ ಹಂಗಾಮಿನಲ್ಲಿಯೇ ಬಾಡಿದವು. ಅದೇ ನಾಯಕ, ಅದೇ ಹೆಸರು ಹೊತ್ತು 2016ರಲ್ಲಿ ಬಂದ ‘ಮುಂಗಾರು ಮಳೆ 2’ ಕೂಡ ಮೊದಲನೆಯದರ ಜಾಗ ತುಂಬಲಿಲ್ಲ.

ಇಡೀ ಪಾಠವನ್ನು ಕಲಿತವರು ಬಹುಶಃ ಉತ್ತರ ಕರ್ನಾಟಕದ ಹಳ್ಳಿಗಳ ಹೊಸ ಹಾಡುಗಾರರು. ಯೂಟ್ಯೂಬಿನಲ್ಲಿ ಹರಡುತ್ತಿರುವ ಅವರ ಜಾನಪದ ಧಾಟಿಯ ಪ್ರೇಮಗೀತೆಗಳಲ್ಲಿ ಒರಟುತನವಿದೆ, ಕೆಲವೊಮ್ಮೆ ಅಭಿರುಚಿಯ ಕೊರತೆಯೂ ಇದೆ. ಆದರೆ ಸಿನಿಮಾ ಬಹುಕಾಲ ನಗೆಗಷ್ಟೇ ಬಳಸಿಕೊಂಡ ಈ ಭಾಗದ ಮಾತು ಅಲ್ಲಿ ಪ್ರೇಮದ ಭಾಷೆಯಾಗಿದೆ. ಮಾತು ನಿಜವಾದರೆ ಹಾಡು ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ ಎಂಬುದಕ್ಕೆ ಇದು ಇನ್ನೊಂದು ಸಾಕ್ಷಿ. ಈ ಸೀಮೆಯ ಮಾತನ್ನೂ ಕಾಯ್ಕಿಣಿಯವರಂತಹ ಕವಿಯ ಹದವನ್ನೂ ಒಂದೆಡೆ ಕೂಡಿಸಬಲ್ಲ ಚಿತ್ರ ಇನ್ನೂ ಬರಬೇಕಾಗಿದೆ. ಬೈಲವಾಡದ ಕಥೆಯನ್ನು ನೆನಪಿನಲ್ಲಿಟ್ಟುಕೊಂಡ ನೆಲದಲ್ಲಿ ಅದಕ್ಕೆ ಕೇಳುಗರ ಕೊರತೆಯಾಗದು.