ಕೋಲಾ ತೆರಿಗೆ ಯಾರ ಪಾಲು?

ಹಳೇಬೀಡಿನ ದೇಗುಲದೆದುರು ಕೊಚ್ಚಿ ಕೊಡುವ ಎಳನೀರಿಗೆ ಜಿಎಸ್‌ಟಿ ಇಲ್ಲ. ಪಕ್ಕದಂಗಡಿಯ ಫ್ರಿಡ್ಜ್‌ನ ಕೋಲಾಗೆ 2025ರ ಸೆಪ್ಟೆಂಬರ್ 22ರಿಂದ ಶೇ 40. ಕೇಳಲು ಸೊಗಸು. ಆದರೆ ಮೊದಲೂ ಶೇ 28ರ ಜೊತೆ ಶೇ 12 ಸೆಸ್ ಇತ್ತು, ಹೊರೆ ಅಷ್ಟೇ. ಸಕ್ಕರೆ ಅಳೆದು ಹಾಕಿದ ತೆರಿಗೆಯೂ ಇದಲ್ಲ. ಡಯಟ್ ಕೋಲಾಗೂ ಅದೇ ದರ.

ಅಮೆರಿಕದ ಬರ್ಕ್ಲಿಯ ಮತದಾರರು 2014ರಲ್ಲಿ ಸಿಹಿ ಪಾನೀಯಕ್ಕೆ ತೆರಿಗೆ ಹಾಕಿದಾಗ, ಹಣದ ಬಳಕೆಗೆ ಸಲಹೆ ಕೊಡುವ ತಜ್ಞರ ಸಮಿತಿಗೂ ಅದೇ ಮತದಲ್ಲಿ ಒಪ್ಪಿಗೆ ಕೊಟ್ಟರು. ನಮ್ಮಲ್ಲಿ ಬೊಕ್ಕಸ ಸೇರಿದ ದುಡ್ಡಿಗೆ ಬೇಲೂರಿನ ವಿಳಾಸವಿರುವುದಿಲ್ಲ. ಮತದಾನವೇ ಆಗಬೇಕೆಂದೇನಿಲ್ಲ. ತೆಂಗಿನ ಸೀಮೆ ಅರಸೀಕೆರೆಯ ಶಾಲೆಗಳ ಕುಡಿಯುವ ನೀರಿಗೆ, ಮಕ್ಕಳ ಹಲ್ಲಿನ ತಪಾಸಣೆಗೆ ಇದರಲ್ಲೊಂದು ಪಾಲು ತೆಗೆದಿಟ್ಟು, ಖರ್ಚಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಲು ಸರ್ಕಾರಕ್ಕೇನು ಅಡ್ಡಿ?